ಮಗ್ದಲೀನ್‌ಬಾಯಿ ವೆನಿಸ್ಸಿಗೆ ಹೋದದ್ದು

ದುಬೈಯ ಕರಾಮದಲ್ಲಿ ಮಗ್ದಲೀನ್‌ಬಾಯಿಯನ್ನು ಅರಿಯದವರು ಯಾರಿದ್ದಾರೆ? ಇದ್ದರೂ ಅವರ ಎಲುಬನ್ನು ಅವಳು ಅರಿತಿರುತ್ತಾಳೆ. ಅಲ್ಲಿನ ಒಂದು ಕ್ಲಿನಿಕ್ಕಿನಲ್ಲಿ, ಎಕ್ಸ್-ರೇ ಕೋಣೆಯ ಹೊರಗಿನ ಮೇಜಿನ ಹಿಂದೆ ಕೂತು ಅವಳಿಗೆ ಕಾಲು ಶತಮಾನ ಕಳೆಯಿತು. ಕೈ ಮುರಿದುಕೊಂಡು ಬಂದವರನ್ನೂ ನಗಿಸಿ ಕಳಿಸುವ ಹೆಂಗಸು. "ಬೀಳುವುದಾದ್ರೆ ಎಡಗೈ ಮೇಲೆ ಬೀಳ್ಬೇಕು ಮಾರಾಯ್ರೆ, ಬಲಗೈ ಊಟಕ್ಕೆ ಬೇಕಲ್ಲ" ಎನ್ನುತ್ತಾಳೆ. ಗಂಡ ಕಾನ್ರಾಡ್ ದೊಡ್ಡ ಹೋಟೆಲೊಂದರಲ್ಲಿ ಮದುವೆ ಪಾರ್ಟಿಗಳ ಮೇಜು ಸಿಂಗರಿಸುವ ಕ್ಯಾಪ್ಟನ್. ಬಟ್ಟೆಯ ಕರವಸ್ತ್ರವನ್ನು ಮಡಚಿ ಹಂಸ ಮಾಡಬಲ್ಲ, ನವಿಲು ಮಾಡಬಲ್ಲ. ಹೆಂಡತಿಯ ನಾಲಗೆಯನ್ನು ಮಾತ್ರ ಮಡಚಲು ಅವನಿಂದ ಆಗಿಲ್ಲ.

ಇಬ್ಬರೂ ಕಂಡ ಲೋಕವೆಂದರೆ ಎರಡೇ. ಒಂದು ಕರಾಮ, ಇನ್ನೊಂದು ರಜೆಯಲ್ಲಿ ಕಾರ್ಟನ್ ಕಟ್ಟಿಕೊಂಡು ಹೋಗುವ ತಮ್ಮೂರು ಕಿನ್ನಿಗೋಳಿ. ಮೂರನೆಯ ಲೋಕ ಅವರ ಮನೆಗೆ ನುಗ್ಗಿದ್ದು ವಿಲ್ಸನ್ ಪಾಯ್ಸನಿಂದಾಗಿ.

ವಿಲ್ಸನ್ ಅದೇ ಕಟ್ಟಡದ ನಾಲ್ಕನೇ ಮಾಳಿಗೆಯವನು. ಹಿಂದಿನ ವರ್ಷ ಹೆಂಡತಿ ಕ್ಯಾರೊಲಿನ್ ಜೊತೆ ಯುರೋಪು ಸುತ್ತಿ ಬಂದು, ಇಡೀ ಕಟ್ಟಡದವರನ್ನು ಬಿರಿಯಾನಿಗೆ ಕರೆದ. ಬಿರಿಯಾನಿಗಿಂತ ಮೊದಲು ಫೋಟೋ ಬಂತು. ಗೋಡೆಯಗಲದ ಟಿವಿಯಲ್ಲಿ ವಿಲ್ಸನ್ ಮತ್ತು ಗೋಪುರ, ಕ್ಯಾರೊಲಿನ್ ಮತ್ತು ಗೋಪುರ, ಇಬ್ಬರೂ ಮತ್ತು ಗೋಪುರ, ಕಡೆಗೆ ಗೋಪುರ ಒಂದೇ. ಮಕ್ಕಳು ಹಸಿದು ಅತ್ತವು. ವೆನಿಸ್ ಬರುವ ಹೊತ್ತಿಗೆ ಬಿರಿಯಾನಿ ತಣ್ಣಗಾಗಿ ತುಪ್ಪ ಬಿಳಿಯಾಗಿತ್ತು. ಬೀಳ್ಕೊಡುವಾಗ ವಿಲ್ಸನ್ ಕಾನ್ರಾಡನ ಹೆಗಲು ತಟ್ಟಿ, "ಎಲ್ಲರಿಗೂ ಆಗುವಂಥದ್ದಲ್ಲ ಬಿಡು" ಅಂದ.

ಆ ಮಾತು ಮೀನಿನ ಮುಳ್ಳಿನಂತೆ ಕಾನ್ರಾಡನ ಗಂಟಲಲ್ಲಿ ಸಿಕ್ಕಿಕೊಂಡಿತು. "ನಮ್ಮ ಮದುವೆಯ ಬೆಳ್ಳಿಹಬ್ಬಕ್ಕೆ ನಾವೂ ವೆನಿಸ್ಸಿಗೆ ಹೋಗ್ತೇವೆ" ಎಂದು ಬಾಗಿಲಲ್ಲೇ ನಿಂತು ಸಾರಿಬಿಟ್ಟ. ಮಗ್ದಲೀನ್ ಆ ಸುದ್ದಿಯನ್ನು ಕೇಳಿದ್ದು ಉಳಿದವರೆಲ್ಲರ ಜೊತೆಗೇ.

ಸಾರಿದ ಮೇಲೆ ಮಾಡಬೇಕಲ್ಲ. ಟಿಕೆಟ್ ಆಯಿತು, ಉಣ್ಣೆಯ ಕೋಟುಗಳಾದವು, ಜನವರಿ ತಿಂಗಳು ಗೊತ್ತಾಯಿತು. ವೀಸಾ ಕೈಗೆ ಬರುವ ಮೊದಲೇ ಕಟ್ಟಡದವರು ಕೇಕು ಕತ್ತರಿಸಿದರು. ಎದುರು ಮನೆಯ ಉಳ್ಳಾಲದ ಆಮಿನಮ್ಮ ದಾರಿಗೆಂದು ಡಬ್ಬ ತುಂಬ ಅಕ್ಕಿಯ ಉಂಡೆ ಕಟ್ಟಿಕೊಟ್ಟಳು. ಹೊರಡುವ ಹಿಂದಿನ ದಿನ ಪಾಸ್‌ಪೋರ್ಟುಗಳು ಬಂದವು. ಮಗ್ದಲೀನಳದರಲ್ಲಿ ವೀಸಾ ಇತ್ತು. ಕಾನ್ರಾಡನದರಲ್ಲಿ ಇರಲಿಲ್ಲ.

ಕಾರಣ ಸಣ್ಣದು. ಯುರೋಪಿನಿಂದ ಮರಳಿದ ಮೇಲೂ ಇಲ್ಲಿನ ರೆಸಿಡೆನ್ಸಿ ಕಾರ್ಡಿನ ಅವಧಿ ಮೂರು ತಿಂಗಳಾದರೂ ಉಳಿದಿರಬೇಕು ಎನ್ನುವುದು ಗಲ್ಫಿನಲ್ಲಿ ಬೆಳೆದ ಮಕ್ಕಳಿಗೂ ಗೊತ್ತು. ಕಾನ್ರಾಡನಿಗೂ ಗೊತ್ತಿತ್ತು. ತಾರೀಕು ನೋಡಿಯೂ ಇದ್ದ. ನೋಡಿದ್ದು ಮಾತ್ರ ಹೆಂಡತಿಯ ಕಾರ್ಡಿನ ತಾರೀಕು.

"ನಾನೊಬ್ಬಳೇ ಹೋಗಿ ಬರ್ಲಾ?" ಎಂದು ಮಗ್ದಲೀನ್ ಕೇಳಿದಳು. "ನಿಮ್ಮ ಫೋಟೋ ಎದೆಗೆ ಹಿಡ್ಕೊಂಡು ದೋಣಿಯಲ್ಲಿ ಕೂತ್ಕೊಳ್ತೇನೆ."

"ತಮಾಷೆ ಮಾಡ್ಬೇಡ ಮಗ್ದು. ನಾಳೆ ಬೆಳಿಗ್ಗೆ ವಿಲ್ಸನ್ ಲಿಫ್ಟಲ್ಲಿ ಸಿಗ್ತಾನೆ. ನಾನು ಮುಖ ಎಲ್ಲಿ ಇಡ್ಲಿ?"

"ಇದ್ದಲ್ಲೇ ಇಡಿ. ಲಿಫ್ಟು ಸಣ್ಣದು."

ಆದರೆ ಗಂಡನ ಮುಖ ನಿಜವಾಗಿಯೂ ಇಳಿದುಹೋಗಿತ್ತು. ಅದನ್ನು ನೋಡಿ ಉಪಾಯ ಹೂಡಿದವಳೂ ಅವಳೇ. ಕಾನ್ರಾಡನ ಚಿಕ್ಕಪ್ಪನ ಮಗ ಕೆವಿನ್ ಅಬುಧಾಬಿಯ ಹಮ್ದಾನ್ ಸ್ಟ್ರೀಟಿನಲ್ಲಿದ್ದ. ಅವನು ರಜೆಗೆ ಊರಿಗೆ ಹೋಗಿದ್ದ. ಮನೆಯ ಕೀಲಿ, ಕಾರಿನ ಕೀಲಿ ಎರಡೂ ಇವರ ಬಳಿ ಇದ್ದವು. ಮರುದಿನ ಕಟ್ಟಡದವರೆಲ್ಲ ಕೈಬೀಸುತ್ತಿರುವಾಗ ಗಂಡಹೆಂಡಿರು ಪೆಟ್ಟಿಗೆ ಏರಿಸಿ ಹೊರಟರು. ಮಗಳು ಸ್ವೀಡಲ್ ಅವರನ್ನು ಏರ್‌ಪೋರ್ಟಿನ ದಿಕ್ಕಿಗೆ ಒಯ್ದು, ಮೊದಲ ತಿರುವಿನಲ್ಲೇ ಅಬುಧಾಬಿಯ ರಸ್ತೆಗೆ ಹೊರಳಿಸಿದಳು.

ಎಲ್ಲ ಸರಿ, ಒಂದೇ ಒಂದು ಸಂಗತಿ ಮಗ್ದಲೀನಳ ಕೈಚೀಲದಲ್ಲಿ ಕಲ್ಲಿನ ಹಾಗೆ ಕೂತಿತ್ತು. ಅದು ಲವಿಟಾಳ ಜಪಮಾಲೆ.

ಲವಿಟಾ ಎರಡನೇ ಮಾಳಿಗೆಯಲ್ಲಿ ಹಂಚಿಕೊಂಡ ಕೋಣೆಯಲ್ಲಿ ಒಂದು ಮಂಚ ಮಾತ್ರ ಬಾಡಿಗೆ ಹಿಡಿದಿರುವ ಶಿರ್ವದ ಹುಡುಗಿ. ಊರಲ್ಲಿ ನರ್ಸ್, ಇಲ್ಲಿ ಲೈಸೆನ್ಸಿಲ್ಲದ ಕಾರಣ ಆಸ್ಪತ್ರೆಯೊಂದರಲ್ಲಿ ಫೈಲು ಹೊರುವವಳು. ಲೈಸೆನ್ಸಿನ ಪರೀಕ್ಷೆಯಲ್ಲಿ ಎರಡು ಸಲ ಬಿದ್ದಿದ್ದಳು. ಮೂರನೆಯ ಸಲವೂ ಬಿದ್ದರೆ ಊರಿಗೆ ಮರಳುವುದೇ. ಕೇಕು ಕತ್ತರಿಸಿದ ದಿನ ಅವಳು ಮಗ್ದಲೀನಳನ್ನು ಅಡುಗೆಮನೆಯ ಮೂಲೆಗೆ ಕರೆದು, "ಆಂಟಿ, ವೆನಿಸ್ಸಿಂದ ಪಾದುವಾ ಹತ್ತಿರವಂತೆ. ಸಂತ ಅಂತೋನಿಯ ಸಮಾಧಿಗೆ ಇದನ್ನು ಮುಟ್ಟಿಸಿ ತಂದುಕೊಡಿ. ಕಿಸೆಯಲ್ಲಿ ಇಟ್ಕೊಂಡು ಪರೀಕ್ಷೆಗೆ ಕೂತ್ರೆ ನಂಗೆ ಧೈರ್ಯ" ಎಂದು ಜಪಮಾಲೆ ಕೊಟ್ಟಿದ್ದಳು. ಮಗ್ದಲೀನ್ ತಲೆ ಮುಟ್ಟಿ ಮಾತು ಕೊಟ್ಟಿದ್ದಳು.

ವಿಲ್ಸನನಿಗೆ ಸುಳ್ಳು ಹೇಳುವುದು ಅವಳ ಲೆಕ್ಕದಲ್ಲಿ ಪಾಪವಲ್ಲ, ಸಣ್ಣ ವ್ಯಾಯಾಮ. ಲವಿಟಾಳಿಗೆ ಹೇಳುವುದು ಹಾಗಲ್ಲ. ಮುಟ್ಟಿಸದ ಜಪಮಾಲೆಯನ್ನು ಮುಟ್ಟಿಸಿದೆ ಎಂದು ಆ ಹುಡುಗಿಯ ಕೈಗೆ ಹೇಗೆ ಇಡುವುದು? ನಿಜ ಹೇಳಿದರೆ ಸಂಜೆಯೊಳಗೆ ಅದು ನಾಲ್ಕನೇ ಮಾಳಿಗೆ ತಲುಪುತ್ತದೆ, ಕಾನ್ರಾಡನ ಮುಖ ಖಲಾಸ್.

ಹಾಗೆಂದು ಆ ವಾರ ಅವಳು ಸಂಕಟಪಟ್ಟಳು ಎಂದರೆ ಅದೂ ಸುಳ್ಳಾದೀತು. ಗಂಡನ ಜೊತೆ ಸಮುದ್ರದ ಬದಿಯಲ್ಲಿ ನಡೆದಳು. ಗುರುತಿನವರು ಯಾರೂ ಇಲ್ಲದ ಬೀದಿಯಲ್ಲಿ ಅವನ ಕೈ ಹಿಡಿದಳು. ಅವನು ಬೆಚ್ಚಿ ಬಿಡಿಸಿಕೊಂಡ, ಮತ್ತೆ ಅವನೇ ಹಿಡಿದ. ಬೆಳಿಗ್ಗೆ ಎದ್ದು ಡಬ್ಬಿ ಕಟ್ಟುವ ಕೆಲಸವಿಲ್ಲ. ಆಮಿನಮ್ಮನ ಅಕ್ಕಿಯುಂಡೆ ತಿಂದು, ಚಹಾ ಕುಡಿದು, ಇಬ್ಬರೂ ಮಧ್ಯಾಹ್ನ ಮಲಗಿದರು. ವೆನಿಸ್ಸಿಗೆ ಹೋಗಿದ್ದರೆ ಇಷ್ಟು ಸುಖ ಇರುತ್ತಿತ್ತೇ ಎಂದು ಅವಳಿಗೆ ಸಂಶಯ.

ಪ್ರವಾಸದ ಕಡೆಯ ದಿನ ಮಂಗಳವಾರ. ಅಬುಧಾಬಿಯಲ್ಲಿ ಸೇತುವೆಗಳ ನಡುವೆ ಒಂದು ದೊಡ್ಡ ಹೋಟೆಲಿನ ಪಕ್ಕ ವೆನಿಸ್ಸಿನ ಹಾಗೆಯೇ ಕಾಲುವೆ ತೋಡಿ, ಕಮಾನು ಸೇತುವೆ ಕಟ್ಟಿ, ಗೋಡೆಗೆ ಹಳೆಯ ಬಣ್ಣ ಬಳಿದಿಟ್ಟಿದ್ದಾರೆ. ದಿನಾ ಸಂಜೆ ಅಲ್ಲಿ ಫೋಟೋ ತೆಗೆದು, ಕಟ್ಟಡದವರ ಗ್ರೂಪಿಗೆ ಹಾಕಲು ಸ್ವೀಡಲಳಿಗೆ ಕಳಿಸುತ್ತಿದ್ದರು; ಅಂದು ಬೆಳಿಗ್ಗೆಯೇ ಇಬ್ಬರೂ ಉಣ್ಣೆಯ ಕೋಟು ತೊಟ್ಟು, ಕೊರಳಿಗೆ ಶಾಲು ಸುತ್ತಿ ಅಲ್ಲಿ ನಿಂತರು. ಸುತ್ತಲಿನವರೆಲ್ಲ ಅರ್ಧ ತೋಳಿನ ಅಂಗಿಯಲ್ಲಿದ್ದರು. ಕಾನ್ರಾಡನ ಕಿವಿಯ ಹಿಂದಿನಿಂದ ಬೆವರು ಇಳಿಯುತ್ತಿತ್ತು.

"ಸ್ವಲ್ಪ ನಡುಗಿ" ಅಂದಳು ಮಗ್ದಲೀನ್, ಫೋನು ಹಿಡಿದು.

"ನಾನು ಬೇಯ್ತಾ ಇದ್ದೇನೆ ಮಾರಾಯ್ತಿ."

"ಬೇಯುತ್ತಲೇ ನಡುಗಿ. ಬೇರೆಯವರ ಮದುವೆಯಲ್ಲಿ ಬಗೆಬಗೆಯಾಗಿ ನಗ್ಲಿಕ್ಕೆ ಬರ್ತದೆ, ಒಂದು ನಡುಗ್ಲಿಕ್ಕೆ ಬರುವುದಿಲ್ವಾ? ಎಡಕ್ಕೆ ಬನ್ನಿ, ಖರ್ಜೂರದ ಮರ ಕಾಣ್ತದೆ. ಹಾಂ, ಈಗ ನಿಮ್ಮ ಹೊಟ್ಟೆ ಅದನ್ನು ಮುಚ್ಚಿತು. ಒಂದು ಉಪಕಾರವಾಯ್ತು ಆ ಹೊಟ್ಟೆಯಿಂದ."

ಐಸ್‌ಕ್ರೀಮ್ ಹಿಡಿದು ಒಂದು, ಸೇತುವೆಯ ಮೇಲೆ ಒಂದು, ಹಾದುಹೋಗುವ ಫಿಲಿಪೀನಿ ಹುಡುಗಿಯ ಕೈಯಲ್ಲಿ ಇಬ್ಬರದೂ ಒಂದು. ಕಳಿಸಿದ್ದೇ ತಡ, ಸ್ವೀಡಲಳ ಫೋನು ಬಂತು.

"ಮಮ್ಮಾ, ಆರ್ ಯು ಮ್ಯಾಡ್? ಅಲ್ಲಿ ಇನ್ನೂ ಕತ್ತಲೆ! ಇಟಲಿ ಈಸ್ ತ್ರೀ ಅವರ್ಸ್ ಬಿಹೈಂಡ್. ನಾನು ಮಧ್ಯಾಹ್ನ ಹಾಕ್ತೇನೆ. ಆಂಡ್ ಟೆಲ್ ಡ್ಯಾಡಾ ಟು ಸ್ಟಾಪ್ ಸ್ವೆಟ್ಟಿಂಗ್."

"ಅವರಿಗೆ ವೆನಿಸ್ಸಿನಲ್ಲಿ ಜ್ವರ ಬಂದಿದೆ ಅಂತ ಹಾಕು" ಎಂದಳು ತಾಯಿ.

ಫೋಟೋ ಮುಗಿಯಿತು, ಕಾನ್ರಾಡ್ ಶಾಲು ಬಿಚ್ಚಿದ. "ಇನ್ನು ಮನೆಗೆ ಹೋಗಿ ಮಲಗುವ. ನಾಳೆ ವಾಪಸ್."

"ಮಲಗುವುದಿಲ್ಲ. ಪಾದುವಾಕ್ಕೆ ಹೋಗ್ಲಿಕ್ಕುಂಟು."

"ಎಲ್ಲಿಗೆ?"

"ರಾಸ್ ಅಲ್ ಖೈಮಾ. ಅಲ್ಲಿ ಅಂತೋನಿಯದೇ ಇಗರ್ಜಿ ಉಂಟು. ಪಾದುವಾದ ಅಂತೋನಿಯೇ ಅವನೂ. ಸಮಾಧಿ ಇಲ್ಲದಿದ್ರೂ ಪಾದ ಉಂಟಲ್ಲ, ಮುಟ್ಟಿಸಿ ತರುವ. ಇವತ್ತು ಮಂಗಳವಾರ, ಅವನದೇ ದಿನ."

"ದುಬೈ ದಾಟಿ ಹೋಗ್ಬೇಕಲ್ಲ! ಯಾರಾದ್ರೂ ನೋಡಿದ್ರೆ?"

"ಹೊರಗಿನ ರಸ್ತೆಯಲ್ಲಿ ಹೋಗಿ. ನೋಡಿದ್ರೆ ನಿಮ್ಮನ್ನಲ್ಲ, ಕೆವಿನನ ಕಾರನ್ನು ನೋಡ್ತಾರೆ."

ಕಾನ್ರಾಡ್ ಟೋಪಿ ಹಾಕಿ, ಕಪ್ಪು ಕನ್ನಡಕ ಇಟ್ಟು, ಲಾರಿಗಳ ನಡುವೆ ತಲೆ ತಗ್ಗಿಸಿ ಕಾರು ಓಡಿಸಿದ. ಎಲ್ಲಾದರೂ ಬಿಳಿ ಕೊರೊಲ್ಲಾ ಕಂಡರೆ ವಿಲ್ಸನನದೇ ಎಂದು ಬೆಚ್ಚಿದ. ಆ ರಸ್ತೆಯಲ್ಲಿ ಬಿಳಿ ಕೊರೊಲ್ಲಾಗಳಿಗೆ ಬರವಿರಲಿಲ್ಲ. ಇಗರ್ಜಿ ತಲುಪುವಾಗ ಅವನಿಗೆ ಹಸಿವೂ ಹೆದರಿಕೆಯೂ ಒಟ್ಟಿಗೇ ಏರಿದ್ದವು. ಹೆದರಿಕೆಗೆ ಮದ್ದಿಲ್ಲ, ಹಸಿವಿಗಾದರೂ ಹುಡುಕುತ್ತೇನೆಂದು ಹೆಂಡತಿಯನ್ನು ಇಳಿಸಿ ಶವರ್ಮಾ ತರಲು ಹೋದ.

ಮಗ್ದಲೀನ್ ಒಳಗೆ ಹೋದಳು. ಕಾರಿನ ಏಸಿಗೆ ಹೆದರಿ ಕೋಟು ಬಿಚ್ಚಿರಲಿಲ್ಲ. ಅಂತೋನಿಯ ಪ್ರತಿಮೆಯ ಮುಂದೆ ಮಂಡಿಯೂರಿ, ಜಪಮಾಲೆಯನ್ನು ಅವನ ಪಾದಕ್ಕೆ ಮುಟ್ಟಿಸಿ, "ಸಾಯ್ಬಾ, ವಿಳಾಸ ಸ್ವಲ್ಪ ತಪ್ಪಾಗಿದೆ, ಹೊಂದಿಸಿಕೊ" ಎಂದು ಬೇಡುತ್ತಿರುವಾಗ ಪಕ್ಕದಲ್ಲಿ ಏನೋ ಧೊಪ್ಪೆಂದಿತು. ನೋಡಿದರೆ ಒಂದು ದಪ್ಪ ಪುಸ್ತಕ ನೆಲದಲ್ಲಿ. ಅದರ ಹಿಂದೆ ಬಾಯಿ ತೆರೆದು ನಿಂತ ಲವಿಟಾ.

ಅಂತೋನಿಯ ಬಗ್ಗೆ ಒಂದು ಕಥೆ ಇದೆ. ಅವನು ಒಂದೇ ಹೊತ್ತಿನಲ್ಲಿ ಎರಡು ಊರುಗಳಲ್ಲಿ ಕಾಣಿಸಿಕೊಂಡನಂತೆ. ಕರಾವಳಿಯ ಕ್ರಿಸ್ತುವರ ಮಕ್ಕಳು ತೊಟ್ಟಿಲಲ್ಲೇ ಕೇಳುವ ಕಥೆ ಅದು. ಲವಿಟಾ ಅಲ್ಲೇ ಕುಸಿದು ಕೂತು ಕೈ ಮುಗಿದಳು.

"ಆಂಟಿ! ನೀವು ಪಾದುವಾದಲ್ಲಿ ನನಗೋಸ್ಕರ ಬೇಡ್ತಾ ಇದ್ದೀರಿ. ಅದು ನಂಗೆ ಇಲ್ಲಿ ಕಾಣ್ತಾ ಉಂಟು! ಕೋಟಿನ ಸಮೇತ ಕಾಣ್ತಾ ಉಂಟು!"

ಈಗ ಮಗ್ದಲೀನಳ ಗತಿ ನೋಡಬೇಕು. ಒಂದು ಮಾತೂ ಆಡದೆ, ಮುಖದಲ್ಲಿ ಸ್ವಲ್ಪ ಕಾಂತಿ ತಂದುಕೊಂಡು, ಜಪಮಾಲೆಯನ್ನು ಹುಡುಗಿಯ ಕೈಗಿಟ್ಟು, ಮೆಲ್ಲನೆ ಕಂಬದ ಹಿಂದೆ ಸರಿದರೆ ಮುಗಿಯಿತು. ಗಂಡನ ಮುಖ ಉಳಿಯುತ್ತದೆ, ಹುಡುಗಿಯ ಧೈರ್ಯ ನೂರು ಪಟ್ಟಾಗುತ್ತದೆ, ಅಂತೋನಿಗೂ ಒಂದು ಪವಾಡ ಹೆಚ್ಚಾಗುತ್ತದೆ. ಅರ್ಧ ನಮೋರಾಣೆ ಪ್ರಾರ್ಥನೆ ಹೇಳುವಷ್ಟು ಹೊತ್ತು ಅವಳು ಆಸೆಪಟ್ಟಳು ಎಂಬುದನ್ನು ಮುಚ್ಚಿಡಬಾರದು. ಕಾಂತಿಯನ್ನೂ ತಂದುಕೊಂಡಿದ್ದಳು.

ಆಗ ಹಿಂದಿನಿಂದ ಕಾನ್ರಾಡನ ಪಿಸುಮಾತು ಕೇಳಿತು. "ಮಗ್ದು, ಬೇಗ ಬಾ. ಬೆಳ್ಳುಳ್ಳಿ ಜಾಸ್ತಿ ಹಾಕಿಸಿದ್ದೇನೆ."

ಸಂತನೊಬ್ಬ ದಂಪತಿಯನ್ನು ಸಮುದ್ರದಾಚೆಯಿಂದ ತೋರಿಸಬಹುದು. ಶವರ್ಮಾದ ವಾಸನೆಯನ್ನು ತೋರಿಸಲಾರ. ಲವಿಟಾ ಕಾನ್ರಾಡನ ಕೈಯ ಪೊಟ್ಟಣ ನೋಡಿದಳು, ಮಗ್ದಲೀನಳ ಹಣೆಯ ಬೆವರು ನೋಡಿದಳು, ಮೆಲ್ಲನೆ ಎದ್ದಳು.

ಮೂವರೂ ಹೊರಗೆ ನೆರಳಿಗೆ ಬಂದರು. ಮಗ್ದಲೀನ್ ಸುತ್ತುಬಳಸದೆ ಎಲ್ಲವನ್ನೂ ಹೇಳಿದಳು. ಕೇಳುತ್ತ ಲವಿಟಾಳ ಕಣ್ಣು ತುಂಬಿತು.

"ಹಾಗಾದ್ರೆ ಇದು ಪಾದುವಾಕ್ಕೆ ಹೋಗ್ಲೇ ಇಲ್ವಾ?"

"ಇಲ್ಲ. ಹಮ್ದಾನ್ ಸ್ಟ್ರೀಟಿನಲ್ಲಿ ನನ್ನ ಚೀಲದಲ್ಲೇ ಇತ್ತು. ಬೈಯುವುದಾದ್ರೆ ಬೈ ಮಗಾ. ಇವರಿಗೂ ಸ್ವಲ್ಪ ಪಾಲು ಕೊಡು."

ಲವಿಟಾ ಬೈಯಲಿಲ್ಲ. ಮೂಗು ಒರೆಸಿಕೊಂಡಳು. "ನಾನೇನು ಸಾಚಾ? ಕೆಲಸಕ್ಕೆ ಜ್ವರ ಅಂತ ಹೇಳಿ ಬಸ್ಸು ಹತ್ತಿದವಳು. ಪಾದುವಾದ ಅಂತೋನಿ ದೂರ, ಅಲ್ಲಿಂದ ನೆಟ್‌ವರ್ಕ್ ಸಿಗದಿದ್ರೆ ಅಂತ ಇಲ್ಲಿಯವನ ಕಿವಿಗೂ ಹಾಕಿಡುವಾಂತ ಬಂದೆ."

"ಅಂದ್ರೆ ನೀನು ನನ್ನನ್ನು ನಂಬ್ಲಿಲ್ಲ!"

"ನಂಬಿದ್ದೆ ಆಂಟಿ. ಆದ್ರೆ ದಿನಾ ನೀವು ಐಸ್‌ಕ್ರೀಮ್ ತಿನ್ನುವ ಫೋಟೋ ಬರ್ತಿತ್ತು. ಒಂದೂ ಇಗರ್ಜಿಯ ಫೋಟೋ ಇರ್ಲಿಲ್ಲ. ಹೆದರಿಕೆ ಆಯ್ತು."

ಮಗ್ದಲೀನ್ ಜೋರಾಗಿ ನಕ್ಕಳು. ಲವಿಟಾಳಿಗೂ ಅಳುವಿನ ಮಧ್ಯೆ ನಗು ಬಂತು. ಇಬ್ಬರೂ ಒಂದೇ ಶವರ್ಮಾವನ್ನು ಹಂಚಿಕೊಂಡರು; ಇನ್ನೊಂದನ್ನು ಕಾನ್ರಾಡ್ ದುಃಖದಿಂದ ಒಬ್ಬನೇ ತಿಂದ.

ಮರಳುವಾಗ ಲವಿಟಾಳನ್ನು ಕಾರಿನಲ್ಲೇ ಕೂರಿಸಿಕೊಂಡರು. ಮಗ್ದಲೀನ್ ಹಿಂದಿನ ಸೀಟಿನಲ್ಲಿ ಅವಳ ದಪ್ಪ ಪುಸ್ತಕ ತೆರೆದು ಪ್ರಶ್ನೆ ಕೇಳುತ್ತ ಹೋದಳು. ಹುಡುಗಿ ಸರಿಯುತ್ತರ ಹೇಳುತ್ತಾಳೆ, ಮರುಕ್ಷಣ "ಅಲ್ಲ ಅಲ್ಲ, ಬಿ" ಎಂದು ಬದಲಿಸುತ್ತಾಳೆ. ಮತ್ತೆ ಮತ್ತೆ ಅದೇ.

"ನಿಂಗೆ ಸಂತ ಬೇಡ, ಗೋಂದು ಬೇಕು" ಅಂದಳು ಮಗ್ದಲೀನ್. "ಎಕ್ಸ್-ರೇಗೆ ನಿಂತವರಿಗೆ ನಾವು ಎಂತ ಹೇಳುವುದು? ಉಸಿರು ಕಟ್ಟು, ಅಲ್ಲಾಡ್ಬೇಡ. ಅಲ್ಲಾಡಿದ್ರೆ ಇದ್ದ ಎಲುಬೂ ಕಾಣುವುದಿಲ್ಲ. ಉತ್ತರ ಒತ್ತಿದ ಮೇಲೆ ಅಲ್ಲಾಡ್ಬೇಡ."

ಶಾರ್ಜಾ ದಾಟುವವರೆಗೂ ಲವಿಟಾ ಅಲ್ಲಾಡದಿರುವುದನ್ನು ಕಲಿತಳು. ದುಬೈ ಹತ್ತಿರವಾದಾಗ, "ನಾನು ಯಾರಿಗೂ ಹೇಳುವುದಿಲ್ಲ ಆಂಟಿ, ಅಂತೋನಿಯಾಣೆ" ಅಂದಳು.

ಮಗ್ದಲೀನ್ ಪುಸ್ತಕ ಮುಚ್ಚಿದಳು. "ಅದೇ ಬೇಡ. ನಾಡಿದ್ದು ಪರೀಕ್ಷೆಗೆ ಕೂರುವವಳ ತಲೆಯಲ್ಲಿ ನಮ್ಮ ಸುಳ್ಳು ಯಾಕೆ ಜಾಗ ಹಿಡೀಬೇಕು? ನಾಳೆ ನಾನೇ ಎಲ್ಲರ ಎದುರು ಹೇಳ್ತೇನೆ. ಖಲಾಸ್."

ಸ್ಟೀರಿಂಗ್ ಹಿಡಿದಿದ್ದ ಕಾನ್ರಾಡ್ ಸಾವಿನ ಮನೆಗೆ ಹೊರಟವನಂತೆ ಗೇರು ಬದಲಿಸಿದ.

ಬುಧವಾರ ಸಂಜೆ ಸ್ವೀಡಲ್ ಅಪ್ಪ ಅಮ್ಮನನ್ನು 'ಏರ್‌ಪೋರ್ಟಿನಿಂದ' ಕರೆತಂದಳು. ಮನೆ ತುಂಬ ಜನ. ವಿಲ್ಸನ್ ಸೋಫಾದ ನಡುವೆ ಕೂತು ಫೋಟೋಗಳನ್ನು ಟಿವಿಗೆ ಜೋಡಿಸಿಯೇ ಬಿಟ್ಟಿದ್ದ. ಮಗ್ದಲೀನ್ ಚಪ್ಪಲಿಯನ್ನೂ ಕಳಚದೆ ನಡುಮನೆಯಲ್ಲಿ ನಿಂತಳು.

"ಎಲ್ಲರೂ ಕೇಳಿ. ನಾವು ವೆನಿಸ್ಸಿಗೆ ಹೋಗ್ಲೇ ಇಲ್ಲ. ಇವರಿಗೆ ವೀಸಾ ಸಿಗ್ಲಿಲ್ಲ. ಅಬುಧಾಬಿಯಲ್ಲಿ ಅಡಗಿ ಕೂತಿದ್ದೆವು."

ಎಲ್ಲರೂ ಮನೆಯೇ ಹಾರುವಂತೆ ನಕ್ಕರು.

"ಇವಳೊಬ್ಬಳು!" ಎಂದು ಆಮಿನಮ್ಮ ಕಣ್ಣೊರೆಸಿಕೊಂಡಳು. "ಬರುವಾಗಲೇ ಶುರು ಮಾಡಿದ್ಳು!"

"ನಿಜವಾಗಿ ಹೇಳ್ತಾ ಇದ್ದೇನೆ ಮಾರಾಯ್ತಿ!"

"ನಿಜವಂತೆ! ಕಳೆದ ವರ್ಷ ನನ್ನ ಮೊಣಕಾಲಲ್ಲಿ ಮೂರು ಚಿಪ್ಪುಂಟು ಅಂದವಳು ನೀನೇ ಅಲ್ವಾ?"

ವಿಲ್ಸನ್ ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿದ. "ಮಗ್ದಲೀನ್‌ಬಾಯಿ, ನಮ್ಮನ್ನು ಮಂಗ ಮಾಡ್ಲಿಕ್ಕೆ ಆಗುವುದಿಲ್ಲ. ಹೋಗಿ ನೋಡಿದವನು ಇಲ್ಲಿದ್ದೇನೆ. ಈ ಸೇತುವೆ ಉಂಟಲ್ಲ, ಇದರ ಮೇಲೆ ನಾನೇ ನಿಂತಿದ್ದೆ! ಕ್ಯಾರೊಲಿನ್, ನೆನಪುಂಟಲ್ಲ? ಆ ನೀರಿನ ವಾಸನೆ ಈಗ ಬಂದ ಹಾಗಾಗ್ತದೆ."

ಕ್ಯಾರೊಲಿನ್ ಟಿವಿಯನ್ನೇ ನೋಡುತ್ತಿದ್ದಳು. ಮೂಲೆಯಲ್ಲಿ ಲವಿಟಾ ಶಾಲನ್ನು ಬಾಯಿಗೆ ತುರುಕಿಕೊಂಡಿದ್ದಳು. ಕಾನ್ರಾಡನ ಮುಖಕ್ಕೆ ವಾರದ ಮೇಲೆ ರಕ್ತ ಬಂದಿತ್ತು. ನಿಜ ಹೇಳಿಯೂ ಆಯಿತು, ಮಾನವೂ ಉಳಿಯಿತು! ಇಷ್ಟಕ್ಕೇ ವಿಲ್ಸನ್ ಬಾಯಿ ಮುಚ್ಚಿದ್ದರೆ ಇವತ್ತಿಗೂ ಕಾನ್ರಾಡ್ ವೆನಿಸ್ಸು ನೋಡಿದವನೇ ಆಗಿರುತ್ತಿದ್ದ.

ವಿಲ್ಸನ್ ಮುಚ್ಚಲಿಲ್ಲ. "ಆದ್ರೆ ಕಾನ್ರಾಡಾ, ಈ ಕಾಲುವೆಯ ಆಚೆ ಬದಿಗೆ ನೀವು ಹೋಗ್ಲೇ ಇಲ್ಲ. ಒಂದು ಫೋಟೋ ಇಲ್ಲ. ಅಲ್ಲೇ ಇರುವುದು ನಿಜವಾದ ವೆನಿಸ್. ಅದನ್ನು ಕಾಣದಿದ್ರೆ ಎಂತ ಕಂಡ ಹಾಗಾಯ್ತು? ಹೋಗ್ಲಿ, ಎಲ್ಲರಿಗೂ ಗೊತ್ತಾಗುವುದಿಲ್ಲ ಬಿಡು."

ಕಾನ್ರಾಡ್ ಎದ್ದು ನಿಂತ. ಮಗ್ದಲೀನ್ ಅವನ ತೋಳು ಹಿಡಿದಳು, ಅವನು ಕೊಡವಿಕೊಂಡ.

"ಆಚೆ ಬದಿಯಲ್ಲಿ ಎಂತ ಉಂಟು ಗೊತ್ತುಂಟಾ ವಿಲ್ಸನ್? ಪಾರ್ಕಿಂಗ್! ಪಾರ್ಕಿಂಗ್ ಉಂಟು! ಅದರಾಚೆ ಹೈವೇ! ಇದು ಅಬುಧಾಬಿ ಮಾರಾಯಾ! ಇಲ್ಲಿ ನೋಡು, ಈ ಮೂಲೆಯಲ್ಲಿ ಎಂತ ಕಾಣ್ತದೆ?" ಅವನು ಚಿತ್ರವನ್ನು ಹಿಗ್ಗಿಸಿದ. ಕಮಾನಿನ ಕೆಳಗೆ, ಯಾರ ಕಣ್ಣಿಗೂ ಬೀಳದ ಕಡೆ, ಊಟ ತಲುಪಿಸುವ ಹುಡುಗನ ಬೈಕು ನಿಂತಿತ್ತು. ಅದರ ನಂಬರ್ ಪ್ಲೇಟಿನ ಮೇಲೆ ಅರಬ್ಬಿಯಲ್ಲೂ ಇಂಗ್ಲಿಷಿನಲ್ಲೂ ಅಬುಧಾಬಿ. "ನೀನು ನಿಂತ ಸೇತುವೆಯಂತೆ! ವಾಸನೆ ಬಂತಂತೆ!"

ಒಂದು ವಾರ ಜೋಪಾನವಾಗಿ ಬಚ್ಚಿಟ್ಟಿದ್ದ ಮಾನವನ್ನು ಅವನು ಹೀಗೆ ಒಂದೇ ಉಸಿರಿಗೆ, ಅದೂ ಇಷ್ಟು ಸಂತೋಷದಿಂದ ಚೆಲ್ಲುತ್ತಾನೆಂದು ಮಗ್ದಲೀನಳೂ ಎಣಿಸಿರಲಿಲ್ಲ. ಮೊದಲು ನಕ್ಕವಳು ಕ್ಯಾರೊಲಿನ್. ಪಕ್ಕೆ ಹಿಡಿದುಕೊಂಡು, ಸೋಫಾದಿಂದ ಜಾರಿ ನೆಲಕ್ಕೆ ಕೂತು ನಕ್ಕಳು. ಗಂಡನ ಫೋಟೋ ಸಂಜೆಗಳಿಗೆಲ್ಲ ಬಡ್ಡಿ ಸೇರಿಸಿ ನಕ್ಕ ಹಾಗಿತ್ತು. ವಿಲ್ಸನ್ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದ. "ಆದ್ರೂ... ನಕಲು ಒಳ್ಳೆ ಮಾಡಿದ್ದಾರೆ" ಅಂದ. ಆಮೇಲೆ ಅವನಿಗೂ ತಡೆಯಲಾಗಲಿಲ್ಲ.

ನಗು ಇಳಿದ ಮೇಲೆ ಆಮಿನಮ್ಮ ಮಾತ್ರ ಕೆಲಸದ ಪ್ರಶ್ನೆ ಕೇಳಿದಳು. "ಅಲ್ಲ, ಈ ವೆನಿಸ್ಸಿಗೆ ವೀಸಾ ಬೇಡ ಅಲ್ವಾ? ಹಾಗಾದ್ರೆ ನಾವೆಲ್ಲ ಹೋಗದೆ ಇರುವುದು ಎಂತಕ್ಕೆ?"

ಮುಂದಿನ ಭಾನುವಾರ ಬಾಡಿಗೆಯ ವ್ಯಾನಿನಲ್ಲಿ ಕಟ್ಟಡಕ್ಕೆ ಕಟ್ಟಡವೇ ಹೊರಟಿತು. ಲವಿಟಾಳೂ ಇದ್ದಳು; ಗುರುವಾರ ಅಲ್ಲಾಡದೆ ಪರೀಕ್ಷೆ ಬರೆದು ಪಾಸಾಗಿದ್ದಳು. ಅದರ ಶ್ರೇಯ ಯಾವ ಊರಿನ ಅಂತೋನಿಗೆ ಎಂದು ವ್ಯಾನಿನಲ್ಲಿ ದೊಡ್ಡ ಚರ್ಚೆಯಾಯಿತು. ಕಾಲುವೆಯ ದಂಡೆಯಲ್ಲಿ ಚಾಪೆ ಹಾಸಲು ಬಿಡಲಿಲ್ಲವಾದ್ದರಿಂದ ಎಲ್ಲರೂ ಮೆಟ್ಟಿಲ ಮೇಲೆ ಸಾಲಾಗಿ ಕೂತರು. ವಿಲ್ಸನ್ ನಿಂತುಕೊಂಡು, ಕೈ ಚಾಚಿ, "ನಿಜವಾದ ವೆನಿಸ್ಸಿನಲ್ಲಿ ಹೇಗೆಂದ್ರೆ" ಎಂದು ತೊಡಗಿದ. ಈ ಸಲ ಕಾನ್ರಾಡ್ ಬಹಳ ಶ್ರದ್ಧೆಯಿಂದ ಕೇಳಿದ. ಆಮಿನಮ್ಮ ಮಾತ್ರ ನೀರಿಗೆ ಬಾಗಿ ಬಹಳ ಹೊತ್ತು ಇಣುಕುತ್ತಿದ್ದಳು.

"ವಿಲ್ಸನ್, ಆ ವೆನಿಸ್ಸಿನ ನೀರಲ್ಲಿ ಬಂಗುಡೆ ಸಿಗ್ತದಾ?"

ವಿಲ್ಸನ್ ತಡವರಿಸಿದ. "ಅದು... ನಾನು ಕೇಳ್ಲಿಲ್ಲ."

"ಅಷ್ಟು ದೂರ ಹೋಗಿ, ಅಷ್ಟು ನೀರು ನೋಡಿ, ಮೀನು ಯಾವುದು ಅಂತ ಕೇಳ್ಲಿಲ್ಲ!" ಎಂದಳು ಮಗ್ದಲೀನ್. "ಮತ್ತೆ ನೀವು ಎಂತ ನೋಡಿ ಬಂದದ್ದು ಮಾರಾಯ್ರೆ?"